ಗೊಬ್ಬರದ ಮಣ್ಣಿನಿಂದ ಬಂದ ಇಂಜೆಕ್ಷನ್

ನಮ್ಮ ಶಿರೂರಿನ ಎರೆಹೊಲಕ್ಕೆ ಮೊದಲ ಮಳೆ ಬಿದ್ದಾಗ ಏಳುವ ಮಣ್ಣಿನ ವಾಸನೆಗೆ ಮುಖ್ಯ ಕಾರಣ ಸ್ಟ್ರೆಪ್ಟೋಮೈಸಿಸ್ ಕುಲದ ಬ್ಯಾಕ್ಟೀರಿಯಾ. ಅದೇ ಕುಲದ ಒಂದು ಜೀವಿಯೇ ಕ್ಷಯರೋಗಕ್ಕೆ ಮದ್ದು ಕೊಟ್ಟಿತು.

1943ರ ಅಕ್ಟೋಬರ್‌ನಲ್ಲಿ ಅಮೆರಿಕದ ರಟ್ಗರ್ಸ್ ವಿಶ್ವವಿದ್ಯಾಲಯದಲ್ಲಿ, ಸೆಲ್ಮನ್ ವಾಕ್ಸ್‌ಮನ್ ಅವರ ವಿದ್ಯಾರ್ಥಿ ಆಲ್ಬರ್ಟ್ ಶಾಟ್ಸ್ ಗೊಬ್ಬರ ಉಂಡ ಹೊಲದ ಮಣ್ಣಿನಿಂದ ಆ ಜೀವಿಯನ್ನು ಬೇರ್ಪಡಿಸಿದರು. ಅದು ಕೊಟ್ಟ ಮದ್ದೇ ಸ್ಟ್ರೆಪ್ಟೋಮೈಸಿನ್. 1952ರ ನೊಬೆಲ್ ವಾಕ್ಸ್‌ಮನ್ ಒಬ್ಬರಿಗೇ ಸಂದಿತು. ಶಾಟ್ಸ್ ಹೆಸರನ್ನೂ ನಾವು ನೆನೆಯಲೇಬೇಕು.

ಈ ಮದ್ದಿನ ಬಗ್ಗೆ 1948ರಲ್ಲಿ ಪ್ರಕಟವಾದ ಬ್ರಿಟನ್ನಿನ ಪರೀಕ್ಷೆಯಲ್ಲಿ ಅನೇಕ ರೋಗಿಗಳು ಚೇತರಿಸಿಕೊಂಡರು. ಆದರೆ ಕೆಲವೇ ತಿಂಗಳಲ್ಲಿ ಅನೇಕರಲ್ಲಿ ರೋಗಾಣು ಈ ಔಷಧಕ್ಕೆ ಜಗ್ಗದಾಯಿತು. ಒಂದೇ ಮದ್ದು ಸಾಲದು, ಜೊತೆಗೆ ಇನ್ನೊಂದು ಬೇಕು ಎಂಬ ಪಾಠ ಆಗ ಸಿಕ್ಕಿತು. ಇತ್ತ 1959ರಲ್ಲಿ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಆರಂಭವಾಯಿತು. ಅದರ ಅಧ್ಯಯನಗಳ ಬಲದಿಂದ 1962ರಲ್ಲಿ ರಾಷ್ಟ್ರೀಯ ಕಾರ್ಯಕ್ರಮ ರೂಪುಗೊಂಡು, ಚಿಕಿತ್ಸೆ ಸ್ಯಾನಿಟೋರಿಯಂ ದಾಟಿ ಹಳ್ಳಿಗೆ ಬಂತು.

ಆರೋಗ್ಯ ಸಹಾಯಕಿಯಾಗಿ ನಾನೂ ಸ್ಟ್ರೆಪ್ಟೋಮೈಸಿನ್ನಿನ ಬಿಳಿಪುಡಿಯನ್ನು ನೀರಿನಲ್ಲಿ ಕರಗಿಸಿ ಚುಚ್ಚಿದವಳು. ಇಳಕಲ್ ಕಡೆಯ ಗ್ರಾನೈಟ್ ಕ್ವಾರಿಯಲ್ಲಿ ದುಡಿದವರೂ ಬರುತ್ತಿದ್ದರು. ಕಲ್ಲಿನ ದೂಳು ಕುಡಿದ ಪುಪ್ಪುಸಕ್ಕೆ ಕ್ಷಯ ಬೇಗ ತಗಲುತ್ತದೆ. “ಅಣ್ಣಾ, ಕಿವ್ಯಾಗ ಗುಂಯ್ ಅಂತೈತೇನು?” ಎಂದು ಪ್ರತಿಸಲ ಕೇಳುತ್ತಿದ್ದೆ. ಈ ಔಷಧ ಕಿವಿಯ ನರಕ್ಕೆ ಪೆಟ್ಟು ಕೊಡಬಲ್ಲದು.

ಈಗ ಬಹುತೇಕರಿಗೆ ಇಂಜೆಕ್ಷನ್ ಇಲ್ಲ, ಗುಳಿಗೆಗಳೇ ಸಾಕು. ಅವುಗಳಲ್ಲಿರುವ ರಿಫಾಂಪಿಸಿನ್ ಮೂಲವೂ ಮಣ್ಣಿನ ಬ್ಯಾಕ್ಟೀರಿಯಾವೇ. ಎರಡು ತಿಂಗಳಿಗೆ ಕೆಮ್ಮು ನಿಂತಿತೆಂದು ಗುಳಿಗೆ ಬಿಡಬೇಡಿರಿ; ಡಾಕ್ಟರು ಹೇಳಿದಷ್ಟು ತಿಂಗಳು ಪೂರ್ತಿ ನುಂಗಿರಿ.