ಹಳೇ ಸೀರಿಯಲ್ಲಿಗೆ ಹೊಸ ಜಾಹೀರಾತು: ಲೆಕ್ಕ ಕೂಡುತ್ತಾ?

2000ದ ಡಿಸೆಂಬರಿನಲ್ಲಿ ಶುರುವಾದ ಈಟಿವಿ ಕನ್ನಡ, ಆಗ ನಮ್ಮ ಈ ಹೈದರಾಬಾದಿನ ರಾಮೋಜಿ ಸಮೂಹದ್ದಾಗಿತ್ತು. ಅಂಥ ಚಾನೆಲ್ಲಿನ ಹಳೇ ಸೀರಿಯಲ್ಲಿನ ಅಡುಗೆಮನೆಯಲ್ಲಿ ಇವತ್ತಿನ ಟೀಪುಡಿ ಡಬ್ಬ ಕೂರಿಸಬಹುದಾ?

ಖಂಡಿತ. 1973ರ 'ಬಾಬಿ'ಯಲ್ಲಿ ರಿಷಿ ಕಪೂರ್ ಓಡಿಸಿದ ರಾಜದೂತ್ ಬೈಕ್ ಫಿಲಂನಲ್ಲೇ ಅಚ್ಚಾಗಿಬಿಟ್ಟಿದೆ. ಡಿಜಿಟಲ್ ಡಬ್ಬ ಹಾಗಲ್ಲ, ಬದಲಿಸಿ ಬದಲಿಸಿ ಮಾರಬಹುದು. 'ಹೌ ಐ ಮೆಟ್ ಯುವರ್ ಮದರ್'ನ 2007ರ ಎಪಿಸೋಡನ್ನು 2011ರಲ್ಲಿ ಮರುಪ್ರಸಾರ ಮಾಡಿದಾಗ, ಹೊಸ ಸಿನಿಮಾ 'ಝೂಕೀಪರ್'ನ ಜಾಹೀರಾತು ಅದರೊಳಗೆ ಬಂದು ಕೂತಿತ್ತು.

ಮತ್ತೆ ತೊಡಕೆಲ್ಲಿ? ಕ್ಯಾಮೆರಾ ಅಲುಗಿದರೆ ಟ್ರ್ಯಾಕಿಂಗ್, ಡಬ್ಬದ ಮುಂದೆ ಕೈ ಹಾದರೆ ಮಾಸ್ಕಿಂಗ್: ಶಾಟಿಗೆ ಶಾಟಿಗೆ ಖರ್ಚು. ಡೈಲಿ ಸೀರಿಯಲ್ಲಿಗೆ ಅಷ್ಟು ಪುರುಸೊತ್ತೂ ಇರಲ್ಲ. ಮೇಲಾಗಿ 30 ಸೆಕೆಂಡಿನ ಸ್ಪಾಟಿಗೆ ರೇಟ್ ಕಾರ್ಡ್ ಇದೆ. ಮೂಲೆಯ ಡಬ್ಬ ಎಷ್ಟು ಜನರ ಕಣ್ಣಿಗೆ ಬಿತ್ತು ಅಂತ ಲೆಕ್ಕ ಹಾಕೋದು ಹೇಗೆ?

ಹಾಗಾಗಿ ದುಡ್ಡು ಹುಟ್ಟೋದಿದ್ರೆ ಹಳೇ ಸಂಗ್ರಹದಲ್ಲೇ ಅನ್ನೋದು ನನ್ನ ಅಭಿಪ್ರಾಯ: ಶೂಟಿಂಗ್ ಖರ್ಚು ಯಾವಾಗಲೋ ಮುಗಿದಿದೆ, ಅವಸರವೂ ಇಲ್ಲ. ಆದರೆ ಆ ಅಡುಗೆಮನೆಗಳು ನಾವು ಊರು ಬಿಟ್ಟು ಬಂದ ಕಾಲದ ದಾಖಲೆ. ಮೂಲ ಪ್ರತಿಯನ್ನು ಮುಟ್ಟದೆ ಎತ್ತಿಡಲಿ. ಡಬ್ಬ ಆಮೇಲೆ ಮಾರಲಿ.