ನಿಲ್ಲಿಸಲು ಕಲಿತ ಕಾರ್ಖಾನೆ: ಟೊಯೋಟಾ ಹೆಸರು ಗಳಿಸಿದ ಬಗೆ

ಟೊಯೋಟಾದ ಚರಿತ್ರೆ ಮಗ್ಗದಿಂದ ಶುರುವಾಗುತ್ತದೆ. ಸಕಿಚಿ ಟೊಯೋಡ 1867ರಲ್ಲಿ, ಇಂದಿನ ಶಿಜುವೋಕಾ ಪ್ರಾಂತ್ಯಕ್ಕೆ ಸೇರಿದ ಹಳ್ಳಿಯೊಂದರಲ್ಲಿ ಬಡಗಿಯ ಮಗನಾಗಿ ಹುಟ್ಟಿದವರು. ಊರಿನ ಹೆಂಗಸರು ಕೈಮಗ್ಗದ ಮುಂದೆ ಪಡುವ ಪಾಡನ್ನು ಕಂಡು ಮಗ್ಗ ಸುಧಾರಿಸಲು ಹೊರಟ ಅವರಿಗೆ 1891ರಲ್ಲಿ ಮೊದಲ ಪೇಟೆಂಟ್ ಸಿಕ್ಕಿತು. ಮುಂದಿನ ಮೂರು ದಶಕ ಅದೇ ಧ್ಯಾನ. 1924ರಲ್ಲಿ ಮಗ ಕಿಯಿಚಿರೊ ಜೊತೆಗೂಡಿ ಅವರು ಪೂರೈಸಿದ ಜಿ ಮಾದರಿಯ ಸ್ವಯಂಚಾಲಿತ ಮಗ್ಗ ಓಡುತ್ತಿರುವಾಗಲೇ ಲಾಳಿ ಬದಲಿಸಿಕೊಳ್ಳುತ್ತಿತ್ತು. ಹಾಸಿನ ಒಂದು ಎಳೆ ಕಡಿದರೂ ತಾನಾಗಿ ನಿಂತುಬಿಡುತ್ತಿತ್ತು. ಎಳೆ ಕಡಿದ ಮೇಲೂ ಮಗ್ಗ ಓಡುತ್ತಲೇ ಇದ್ದರೆ ಎಷ್ಟು ಬಟ್ಟೆ ಹಾಳಾಗುತ್ತದೆ ಎಂಬುದನ್ನು ರಬಕವಿ-ಬನಹಟ್ಟಿಯ ನೇಕಾರರಿಗೆ ಬಿಡಿಸಿ ಹೇಳಬೇಕಿಲ್ಲ. 1929ರಲ್ಲಿ ಇಂಗ್ಲೆಂಡಿನ ಪ್ಲಾಟ್ ಬ್ರದರ್ಸ್ ಕಂಪನಿ ಈ ಮಗ್ಗದ ಹಕ್ಕಿಗೆ ಒಂದು ಲಕ್ಷ ಪೌಂಡ್ ಕೊಡಲು ಒಪ್ಪಿತು. ಕೈಗಾರಿಕಾ ಕ್ರಾಂತಿಯ ತವರಿನವರು ಜಪಾನಿನ ಬಡಗಿಯ ಮಗನಿಂದ ಮಗ್ಗದ ವಿದ್ಯೆ ಕೊಂಡರು.

ಆ ಹಣವೇ ಕಾರು ತಯಾರಿಕೆಗೆ ಬೀಜಧನವಾಯಿತು ಎಂಬ ಕಥೆ ಬಹಳ ಪ್ರಚಾರದಲ್ಲಿದೆ. ಕಾರಿನ ಉದ್ಯಮ ನುಂಗುವ ಬಂಡವಾಳದ ಮುಂದೆ ಆ ಮೊತ್ತ ದೊಡ್ಡದಲ್ಲ. ತಂದೆ ಮಗನಿಗೆ ಬಿಟ್ಟುಹೋದ ನಿಜವಾದ ಆಸ್ತಿ ಎಂದರೆ, ತಪ್ಪು ಕಂಡ ಕೂಡಲೇ ನಿಲ್ಲಬೇಕು ಎಂಬ ವಿಚಾರ. ಟೊಯೋಟಾ ಪಡೆದ ಕೀರ್ತಿ, ಹೊತ್ತುಕೊಂಡ ಅಪಕೀರ್ತಿ ಎರಡನ್ನೂ ಈ ಒಂದು ವಿಚಾರದಿಂದಲೇ ಅಳೆಯಬಹುದು ಎಂಬುದು ನನ್ನ ನಂಬಿಕೆ.

ಕಿಯಿಚಿರೊ ಟೋಕಿಯೊ ವಿಶ್ವವಿದ್ಯಾಲಯದಲ್ಲಿ ಎಂಜಿನಿಯರಿಂಗ್ ಓದಿದವರು. ಆಗ ಜಪಾನಿನಲ್ಲಿ ಕಾರು ಎಂದರೆ ಯೊಕೊಹಾಮಾದಲ್ಲಿ ಜೋಡಿಸಿದ ಫೋರ್ಡ್, ಇಲ್ಲವೇ ಒಸಾಕಾದಲ್ಲಿ ಜೋಡಿಸಿದ ಷೆವರ್ಲೆ. 1933ರಲ್ಲಿ ಮಗ್ಗದ ಕಾರ್ಖಾನೆಯೊಳಗೇ ಒಂದು ವಾಹನ ವಿಭಾಗ ತೆರೆದು, ಅಮೆರಿಕದ ಕಾರುಗಳನ್ನು ಬಿಚ್ಚಿ, ಬಿಡಿಭಾಗಗಳನ್ನು ಅಳೆದು, ಎರಕ ಹೊಯ್ದು ಕಲಿತರು. 1935ರಲ್ಲಿ ಮೊದಲ ಕಾರಿನ ಮಾದರಿ, ಅದೇ ವರ್ಷದ ಕೊನೆಗೆ ಜಿ1 ಟ್ರಕ್ಕು ಹೊರಬಂದವು. ಆ ಟ್ರಕ್ಕುಗಳು ರಸ್ತೆಯಲ್ಲಿ ಪದೇ ಪದೇ ಕೆಟ್ಟು ನಿಂತವು. ಕಂಪನಿಯವರು ಕೆಟ್ಟಲ್ಲಿಗೇ ಹೋಗಿ ರಿಪೇರಿ ಮಾಡಿ, ಏಕೆ ಕೆಟ್ಟಿತೆಂದು ಬರೆದುಕೊಂಡು ಬಂದು ತಿದ್ದಿದರು. ಇಂದು ಕೆಡದ ಗಾಡಿ ಎಂದು ಜಗತ್ತು ಹೊಗಳುವ ಕಂಪನಿಯ ಮೊದಲ ಪಾಠ ಇದು. ಜನರಲ್ ಮೋಟರ್ಸ್‌ನ ಜಪಾನ್ ಶಾಖೆ ಬಿಟ್ಟು ಬಂದ ಶೋತಾರೊ ಕಾಮಿಯ ಮಾರಾಟದ ಜಾಲ ಕಟ್ಟಿದರು. 1937ರಲ್ಲಿ ಟೊಯೋಟಾ ಮೋಟರ್ ಪ್ರತ್ಯೇಕ ಕಂಪನಿಯಾಯಿತು. ಮರುವರ್ಷ ಕೊರೊಮೊ ಎಂಬ ಊರಿನಲ್ಲಿ ದೊಡ್ಡ ಕಾರ್ಖಾನೆ ಎದ್ದಿತು. 1959ರಲ್ಲಿ ಆ ಊರೇ ಟೊಯೋಟಾ ನಗರ ಎಂದು ಹೆಸರು ಬದಲಿಸಿಕೊಂಡಿತು.

ಈ ಬಾಲ್ಯಕ್ಕೆ ಹಾಲೆರೆದದ್ದು ಯುದ್ಧ ಎಂಬುದನ್ನು ಮರೆಮಾಚಬಾರದು. 1936ರ ಕಾಯ್ದೆಯಿಂದ ಸರ್ಕಾರ ಫೋರ್ಡ್, ಜನರಲ್ ಮೋಟರ್ಸ್ ಎರಡರ ಕೈಕಟ್ಟಿತು. ಚೀನಾದ ಮೇಲೆ ದಂಡೆತ್ತಿ ಹೋದ ಸೈನ್ಯವೇ ಟೊಯೋಟಾ ಟ್ರಕ್ಕುಗಳ ದೊಡ್ಡ ಗಿರಾಕಿಯಾಗಿತ್ತು.

ಯುದ್ಧ ಸೋತ ಮೇಲೆ ಬಂದ 1950ನೇ ಇಸವಿ ಕಂಪನಿಯನ್ನು ಮುಳುಗಿಸುವುದರಲ್ಲಿತ್ತು. ಹಣದುಬ್ಬರ ತಡೆಯಲು ಸರ್ಕಾರ ಹಿಡಿದ ಬಿಗಿಯಿಂದ ಕೊಳ್ಳುವವರು ಇಲ್ಲವಾದರು, ಸಾಲ ಬೆಳೆಯಿತು. ಸಂಬಳ ತಡವಾಯಿತು. ಸುಮಾರು 1,600 ಜನರನ್ನು ಕೆಲಸದಿಂದ ಬಿಡಿಸಬೇಕೆಂಬುದು ಬ್ಯಾಂಕುಗಳ ನೆರವಿಗೆ ಅಂಟಿಕೊಂಡು ಬಂದ ಯೋಜನೆ. ಕಾರ್ಮಿಕರು ಮುಷ್ಕರ ಹೂಡಿದರು. ಯಾರನ್ನೂ ಕೆಲಸದಿಂದ ತೆಗೆಯುವುದಿಲ್ಲ ಎಂದಿದ್ದ ಕಿಯಿಚಿರೊ ಜೂನ್ ತಿಂಗಳಲ್ಲಿ ಅಧ್ಯಕ್ಷ ಸ್ಥಾನ ಬಿಟ್ಟರು. ಅದೇ ತಿಂಗಳ 25ರಂದು ಕೊರಿಯಾ ಯುದ್ಧ ಶುರುವಾಯಿತು. ಅಮೆರಿಕದ ಸೈನ್ಯ ಸಾವಿರಗಟ್ಟಲೆ ಟ್ರಕ್ಕುಗಳಿಗೆ ಬೇಡಿಕೆ ಇಟ್ಟಿದ್ದರಿಂದ ಕಂಪನಿ ಉಳಿಯಿತು. ಕಿಯಿಚಿರೊ 1952ರಲ್ಲಿ ತೀರಿಕೊಂಡರು. ತಾವು ಕಟ್ಟಿದ ಕಂಪನಿ ಕಾರಿನಿಂದ ಹೆಸರು ಮಾಡಿದ್ದನ್ನು ಅವರು ನೋಡಲಿಲ್ಲ.

ಆ ಮುಷ್ಕರದ ಗಾಯದಿಂದಲೇ ಟೊಯೋಟಾ ಉತ್ಪಾದನಾ ಪದ್ಧತಿ ರೂಪುಗೊಂಡಿತು. ಮಾರಾಟವಾಗದ ಮಾಲು ಗೋದಾಮಿನಲ್ಲಿ ತುಂಬಿಕೊಂಡರೆ ಕಂಪನಿ ಸಾಯುತ್ತದೆ ಎಂಬುದು ಆಗ ಕಲಿತ ಪಾಠ. ಕಿಯಿಚಿರೊ ಅವರ ಸಂಬಂಧಿ ಐಜಿ ಟೊಯೋಡ 1950ರಲ್ಲೇ ಡೆಟ್ರಾಯಿಟ್ ಬಳಿಯ ಫೋರ್ಡ್ ಕಾರ್ಖಾನೆಯನ್ನು ನೋಡಿ ಬಂದರು. ಒಂದೇ ಬಗೆಯ ಕಾರನ್ನು ಲಕ್ಷಗಟ್ಟಲೆ ಮಾಡುವ ಆ ವಿಧಾನ ಜಪಾನಿನ ಪುಟ್ಟ ಮಾರುಕಟ್ಟೆಗೆ ಹೊಂದುವಂತಿರಲಿಲ್ಲ. ಬೇರೆ ದಾರಿ ಹುಡುಕಿದವರು ತೈಯಿಚಿ ಓನೊ. ನೂಲಿನ ಕಂಪನಿಯಲ್ಲಿ ಕೆಲಸ ಶುರು ಮಾಡಿ 1943ರಲ್ಲಿ ಕಾರಿನ ಕಂಪನಿಗೆ ಬಂದ ಅವರಿಗೆ ಒಬ್ಬ ಕೆಲಸಗಾರ್ತಿ ಹಲವು ಮಗ್ಗ ನೋಡಿಕೊಳ್ಳುವುದು ಹೊಸದಾಗಿರಲಿಲ್ಲ. ಒಬ್ಬ ಕೆಲಸಗಾರ ಒಂದೇ ಲೇತ್‌ ಮುಂದೆ ಏಕೆ ನಿಲ್ಲಬೇಕು ಎಂದು ಅವರು ಕೇಳಿದರು.

ಅಮೆರಿಕದ ಸೂಪರ್ ಮಾರ್ಕೆಟ್ ಓನೊ ಅವರಿಗೆ ಮಾದರಿಯಾಯಿತು. ಅಲ್ಲಿ ಗಿರಾಕಿ ಬೇಕಾದಷ್ಟು ಎತ್ತಿಕೊಳ್ಳುತ್ತಾನೆ, ಖಾಲಿಯಾದಷ್ಟನ್ನೇ ಅಂಗಡಿಯವರು ತುಂಬುತ್ತಾರೆ. ಕಾರ್ಖಾನೆಯಲ್ಲೂ ಹಾಗೆಯೇ: ಮುಂದಿನ ಹಂತದವರು ಬಂದು ಬಿಡಿಭಾಗ ಒಯ್ದ ಮೇಲೆ, ಜೊತೆಗಿದ್ದ ಚೀಟಿ ಹಿಂದಿನ ಹಂತಕ್ಕೆ ಮರಳುತ್ತದೆ. ಆ ಚೀಟಿಯೇ ಕಾನ್‌ಬಾನ್. ಚೀಟಿ ಬಾರದೆ ಒಂದು ಬೋಲ್ಟನ್ನೂ ಮಾಡುವಂತಿಲ್ಲ. ಇದು ನಡೆಯಬೇಕಾದರೆ ಒಂದೇ ಪ್ರೆಸ್ಸಿನಲ್ಲಿ ಹಲವು ಭಾಗಗಳನ್ನು ಸ್ವಲ್ಪ ಸ್ವಲ್ಪವೇ ಒತ್ತಲು ಬರಬೇಕು. ಸಾವಿರ ಟನ್ ಪ್ರೆಸ್ಸಿನ ಅಚ್ಚು ಬದಲಿಸಲು ನಾಲ್ಕು ಗಂಟೆ ಹಿಡಿಯುತ್ತಿತ್ತು. 1970ರ ಸುಮಾರಿಗೆ ಶಿಗಿಯೊ ಶಿಂಗೊ ಎಂಬ ಎಂಜಿನಿಯರ್ ನೆರವಿನಿಂದ ಅದು ಮೂರು ನಿಮಿಷಕ್ಕೆ ಇಳಿಯಿತು.

ಇದೆಲ್ಲಕ್ಕಿಂತ ದಿಟ್ಟವಾದದ್ದು ಹಗ್ಗ. ಜೋಡಣೆಯ ಲೈನಿನಲ್ಲಿ ತಪ್ಪು ಕಂಡವರು ಯಾರೇ ಆಗಲಿ ಹಗ್ಗ ಎಳೆದು ಮೇಲಿನವರನ್ನು ಕರೆಯಬಹುದು; ಸರಿಹೋಗದಿದ್ದರೆ ಲೈನು ನಿಲ್ಲುತ್ತದೆ. ಡೆಟ್ರಾಯಿಟಿನಲ್ಲಿ ಲೈನು ನಿಲ್ಲಿಸುವುದು ಮಹಾಪರಾಧ, ತಪ್ಪಿದ ಕಾರನ್ನು ಕೊನೆಯಲ್ಲಿ ಸರಿಪಡಿಸಿದರಾಯಿತು. ಓನೊ ಅವರಿಗೆ ಎಂದೂ ನಿಲ್ಲದ ಲೈನೇ ಅನುಮಾನದ ಲೈನು. ನಿಂತ ಮೇಲೆ ಕಾರಣ ಹುಡುಕಬೇಕು, ಐದು ಸಲ ಏಕೆ ಎಂದು ಕೇಳಬೇಕು. ಫ್ಯೂಸ್ ಹೋಗಿದೆ ಎಂದು ಫ್ಯೂಸ್ ಬದಲಿಸಿ ಕೈತೊಳೆದುಕೊಂಡರೆ ನಾಳೆ ಮತ್ತೆ ಹೋಗುತ್ತದೆ. ಬೇರಿಂಗಿಗೆ ಎಣ್ಣೆ ತಲುಪಿಲ್ಲ, ಪಂಪು ಎತ್ತುತ್ತಿಲ್ಲ, ಪಂಪಿನ ದಂಡ ಸವೆದಿದೆ, ಸೋಸುವ ಜಾಲರಿ ಇಲ್ಲದೆ ಲೋಹದ ಪುಡಿ ಒಳಸೇರಿದೆ ಎಂಬವರೆಗೂ ಹೋಗಬೇಕು. ಮಗ್ಗದ ಎಳೆಯ ಪಾಠವನ್ನು ಮನುಷ್ಯರ ಕೈಗೆ ಕೊಟ್ಟದ್ದು ಓನೊ ಅವರ ದೊಡ್ಡ ಸಾಧನೆ.

ಪದ್ಧತಿ ಹೀಗೆ ಬೆಳೆಯುತ್ತಿದ್ದರೂ ಹೊರಗೆ ಹೆಸರು ಸುಲಭಕ್ಕೆ ಬರಲಿಲ್ಲ. 1955ರಲ್ಲಿ ಬಂದ ಕ್ರೌನ್ ಜಪಾನಿನ ಟ್ಯಾಕ್ಸಿಯವರ ಅಚ್ಚುಮೆಚ್ಚು. ಅದನ್ನೇ ಅಮೆರಿಕಕ್ಕೆ ಒಯ್ದರು. ಅಲ್ಲಿನ ಹೆದ್ದಾರಿಯ ವೇಗಕ್ಕೆ ಅದರ ಎಂಜಿನ್ ಸಾಲದಾಯಿತು. 1958ರಲ್ಲಿ ಮಾರಾಟವಾದದ್ದು 287 ಕ್ರೌನ್, ಒಂದು ಲ್ಯಾಂಡ್ ಕ್ರೂಸರ್. ಕಂಪನಿ ಕಾರನ್ನು ಅಮೆರಿಕದಿಂದ ಹಿಂದಕ್ಕೆ ಪಡೆದು, 1965ರಲ್ಲಿ ಕೊರೋನಾ ಕಾರಿನೊಂದಿಗೆ ಸರಿಯಾಗಿ ಮರಳಿತು. 1966ರಲ್ಲಿ ಕೊರೊಲ್ಲಾ ಬಂತು. ಅದರ ಮುಖ್ಯ ಎಂಜಿನಿಯರ್ ತತ್ಸುವೊ ಹಸೆಗಾವಾ ವಿಮಾನ ವಿನ್ಯಾಸದಿಂದ ಕಾರಿಗೆ ಬಂದವರು. 1973ರ ತೈಲ ಬಿಕ್ಕಟ್ಟು ಸಣ್ಣ ಕಾರಿನ ಬೆಲೆಯನ್ನು ಅಮೆರಿಕಕ್ಕೆ ತಿಳಿಸಿಕೊಟ್ಟಿತು. ಮುಂದೆ ಕೊರೊಲ್ಲಾ ಜಗತ್ತಿನಲ್ಲೇ ಅತಿ ಹೆಚ್ಚು ಮಾರಾಟವಾದ ಕಾರಿನ ಹೆಸರಾಯಿತು. ಅತ್ತ ಆಫ್ರಿಕಾ, ಅರಬ್ ನಾಡು, ಆಸ್ಟ್ರೇಲಿಯಾದ ಮರಳುಗಾಡುಗಳಲ್ಲಿ ಲ್ಯಾಂಡ್ ಕ್ರೂಸರ್ ಮತ್ತು ಹೈಲಕ್ಸ್ ಬೇರೆಯೇ ಕೀರ್ತಿ ಗಳಿಸಿದವು. ಚಾಡ್ ಮತ್ತು ಲಿಬಿಯಾ ನಡುವಿನ 1987ರ ಕಾಳಗಕ್ಕೆ ಟೊಯೋಟಾ ಯುದ್ಧ ಎಂದೇ ಹೆಸರು ಬಿತ್ತು. ಯಾವ ಕಂಪನಿಯೂ ಬಯಸುವ ಜಾಹೀರಾತಲ್ಲ ಅದು.

ಇದೆಲ್ಲ ಜಪಾನೀಯರ ಸ್ವಭಾವ, ಬೇರೆಯವರಿಗೆ ಒಗ್ಗದು ಎನ್ನುತ್ತಿದ್ದವರಿಗೆ ಕ್ಯಾಲಿಫೋರ್ನಿಯಾದ ಫ್ರೀಮಾಂಟ್ ಉತ್ತರ ಕೊಟ್ಟಿತು. ಅಲ್ಲಿನ ಜನರಲ್ ಮೋಟರ್ಸ್ ಕಾರ್ಖಾನೆ ಗೈರುಹಾಜರಿ, ಜಗಳ, ಕಳಪೆ ಕೆಲಸಗಳಿಗೆ ಕುಖ್ಯಾತವಾಗಿದ್ದು 1982ರಲ್ಲಿ ಮುಚ್ಚಿತ್ತು. 1984ರಲ್ಲಿ ಎರಡೂ ಕಂಪನಿಗಳು ಸೇರಿ ಅದನ್ನು ತೆರೆದಾಗ, ಹೆಚ್ಚಿನವರು ಹಳೆಯ ಕಾರ್ಮಿಕರೇ, ಸಂಘವೂ ಹಳೆಯದೇ. ಪದ್ಧತಿ ಮಾತ್ರ ಟೊಯೋಟಾದ್ದು. ಕೆಲವೇ ವರ್ಷಗಳಲ್ಲಿ ಆ ಕಾರುಗಳ ಗುಣಮಟ್ಟ ಜಪಾನಿನ ಮಟ್ಟದ ಸಮೀಪ ಬಂತು. ತಪ್ಪು ಕಾರ್ಮಿಕರದ್ದಾಗಿರಲಿಲ್ಲ. ನಮ್ಮಲ್ಲಿ ಸೋತ ಕಾರ್ಖಾನೆಗಳ ಬಗ್ಗೆ ಮಾತಾಡುವಾಗ ಈ ಉದಾಹರಣೆ ನೆನಪಿಡಬೇಕು.

1989ರಲ್ಲಿ ಲೆಕ್ಸಸ್ ಬಂದು ಜರ್ಮನಿಯ ದುಬಾರಿ ಕಾರುಗಳಿಗೆ ಸವಾಲಾಯಿತು. 1997ರ ಡಿಸೆಂಬರಿನಲ್ಲಿ, ತಕೇಶಿ ಉಚಿಯಾಮಾದಾ ಅವರ ತಂಡದ ಪ್ರಿಯಸ್ ಪೆಟ್ರೋಲ್ ಎಂಜಿನ್ ಮತ್ತು ವಿದ್ಯುತ್ ಮೋಟರ್ ಎರಡನ್ನೂ ಕೂಡಿಸಿ ಮಾರುಕಟ್ಟೆಗೆ ಬಂದ ಮೊದಲ ಭಾರೀ ಪ್ರಮಾಣದ ಹೈಬ್ರಿಡ್ ಆಯಿತು. 2008ರಲ್ಲಿ ಟೊಯೋಟಾ ಜನರಲ್ ಮೋಟರ್ಸನ್ನು ಹಿಂದಿಕ್ಕಿ ಜಗತ್ತಿನ ಅತಿ ದೊಡ್ಡ ಕಾರು ಕಂಪನಿಯಾಯಿತು.

ದೊಡ್ಡದಾಗುವ ಆತುರದಲ್ಲಿ ಹಗ್ಗ ಎಳೆಯುವ ಕೈ ಸಡಿಲವಾಯಿತು. 2009ರ ಆಗಸ್ಟಿನಲ್ಲಿ ಸ್ಯಾನ್ ಡಿಯಾಗೊ ಬಳಿ ಲೆಕ್ಸಸ್ ಕಾರೊಂದು ಹತೋಟಿ ತಪ್ಪಿ ಓಡಿ ನಾಲ್ವರು ಸತ್ತರು. ಕಾಲಡಿಯ ಮ್ಯಾಟು ಆಕ್ಸಿಲರೇಟರ್ ಪೆಡಲನ್ನು ಸಿಕ್ಕಿಸಿಕೊಂಡಿತ್ತು. ಪೆಡಲ್ಲೇ ಅಂಟಿಕೊಳ್ಳುವ ಇನ್ನೊಂದು ದೋಷವೂ ಹೊರಬಂದು ಲಕ್ಷಾಂತರ ಕಾರುಗಳನ್ನು ವಾಪಸು ಕರೆಸಬೇಕಾಯಿತು. 2010ರ ಫೆಬ್ರವರಿಯಲ್ಲಿ ಕಿಯಿಚಿರೊ ಅವರ ಮೊಮ್ಮಗ, ಅಧ್ಯಕ್ಷ ಅಕಿಯೊ ಟೊಯೋಡ ಅಮೆರಿಕದ ಸಂಸತ್ತಿನ ಸಮಿತಿಯೆದುರು ಕ್ಷಮೆ ಕೇಳಿ, ಜನರನ್ನು ತಯಾರು ಮಾಡುವ ವೇಗಕ್ಕಿಂತ ಬೆಳವಣಿಗೆಯ ವೇಗ ಹೆಚ್ಚಾಯಿತು ಎಂದು ಒಪ್ಪಿಕೊಂಡರು. ವಿದ್ಯುನ್ಮಾನ ವ್ಯವಸ್ಥೆಯಲ್ಲಿ ದೋಷದ ಸಾಕ್ಷ್ಯ ನಾಸಾ ಎಂಜಿನಿಯರುಗಳಿಗೆ ಸಿಗಲಿಲ್ಲ. ಆದರೂ ಗ್ರಾಹಕರನ್ನು ದಾರಿತಪ್ಪಿಸಿದ್ದಕ್ಕಾಗಿ 2014ರಲ್ಲಿ ಕಂಪನಿ 120 ಕೋಟಿ ಡಾಲರ್ ತೆರಲು ಒಪ್ಪಿತು. ದೋಷಕ್ಕಿಂತ ದೋಷವನ್ನು ಮುಚ್ಚಿಟ್ಟದ್ದು ಹೆಚ್ಚು ದುಬಾರಿಯಾಯಿತು.

ಅದೇ ರೋಗ ಹಿನೊ, ಡೈಹಾಟ್ಸು ಕಂಪನಿಗಳಿರುವ ಟೊಯೋಟಾ ಬಳಗದಲ್ಲಿ ಮತ್ತೆ ಕಾಣಿಸಿಕೊಂಡಿದೆ. 2022ರಲ್ಲಿ ಹಿನೊ ಎಂಜಿನ್ ಅಂಕಿಅಂಶ ತಿದ್ದಿದ್ದು ಬಯಲಾಯಿತು. 2023ರ ಕೊನೆಗೆ ಡೈಹಾಟ್ಸು ಸುರಕ್ಷತಾ ಪರೀಕ್ಷೆಗಳಲ್ಲಿ ಮಾಡಿದ ಅಕ್ರಮದಿಂದ ತನ್ನೆಲ್ಲ ಮಾದರಿಗಳ ಸಾಗಣೆ ನಿಲ್ಲಿಸಿತು. 2024ರ ಜೂನ್‌ನಲ್ಲಿ ಟೊಯೋಟಾ ತನ್ನದೇ ಏಳು ಮಾದರಿಗಳ ಪ್ರಮಾಣೀಕರಣ ಪರೀಕ್ಷೆಯಲ್ಲಿ ನಿಯಮ ಮೀರಿದ್ದನ್ನು ಒಪ್ಪಿತು. ಕಡಿಮೆ ಸಮಯದಲ್ಲಿ ಹೊಸ ಮಾದರಿ ತರಲೇಬೇಕೆಂಬ ಒತ್ತಡದಲ್ಲಿ ಡೈಹಾಟ್ಸುವಿನಲ್ಲಿ ತಡವಾಗುತ್ತದೆ ಎಂದು ಹೇಳುವ ಧೈರ್ಯ ಯಾರಿಗೂ ಉಳಿದಿರಲಿಲ್ಲ. ಲೈನಿನಲ್ಲಿ ಹಗ್ಗವಿತ್ತು, ಎಂಜಿನಿಯರುಗಳ ಕೋಣೆಯಲ್ಲಿ ಇರಲಿಲ್ಲ.

ಈ ಪದ್ಧತಿಯನ್ನು ಹೊಗಳುವ ಪುಸ್ತಕಗಳು ಲೆಕ್ಕವಿಲ್ಲದಷ್ಟಿವೆ. ಪತ್ರಕರ್ತ ಸತೋಶಿ ಕಾಮತಾ 1972ರಲ್ಲಿ ಆರು ತಿಂಗಳ ಹಂಗಾಮಿ ಕೆಲಸಗಾರರಾಗಿ ಟೊಯೋಟಾ ಸೇರಿ, ಮೈ ಹಣ್ಣಾಗುವಂತೆ ದುಡಿಸುವ ಲೈನಿನ ವೇಗವನ್ನು ಒಳಗಿನಿಂದ ಬರೆದರು. 2002ರಲ್ಲಿ ಸತ್ತ ಮೂವತ್ತರ ಹರೆಯದ ಉದ್ಯೋಗಿಯೊಬ್ಬರ ಸಾವಿಗೆ ಅತಿ ದುಡಿತವೇ ಕಾರಣವೆಂದು ನಗೋಯಾ ನ್ಯಾಯಾಲಯ 2007ರಲ್ಲಿ ತೀರ್ಪು ಕೊಟ್ಟಿತು. ಕೆಲಸ ಮುಗಿದ ಮೇಲಿನ ಗುಣಮಟ್ಟ ಚರ್ಚೆಗಳೂ ದುಡಿಮೆಯೇ ಎಂದು ಅದು ಎಣಿಸಿತು. ಯಂತ್ರಕ್ಕೆ ನಿಲ್ಲುವ ಹಕ್ಕು ಕೊಟ್ಟವರು ಮನುಷ್ಯನಿಗೆ ಅದನ್ನು ಅಷ್ಟೇ ಧಾರಾಳವಾಗಿ ಕೊಡಲಿಲ್ಲ ಎಂಬುದೇ ಈ ಚರಿತ್ರೆಯ ಮೇಲಿನ ದೊಡ್ಡ ಆಕ್ಷೇಪ.

ಆ ಆಕ್ಷೇಪ ಟೊಯೋಟಾ ಕಾರ್ಖಾನೆಯಿರುವ ನಮ್ಮ ಬಿಡದಿಗೂ ಬಂದಿದೆ. ಟೊಯೋಟಾ ಬಳಗ ಕರ್ನಾಟಕಕ್ಕೆ ಮೊದಲು ತಂದದ್ದು ನೂಲಿನ ಯಂತ್ರವನ್ನೇ; 1995ರಲ್ಲಿ ಜಿಗಣಿಯಲ್ಲಿ ಕಿರ್ಲೋಸ್ಕರ್ ಜೊತೆ ಜವಳಿ ಯಂತ್ರಗಳ ಕಂಪನಿ ಶುರುವಾಯಿತು. ಬೆಳಗಾವಿ ಸೀಮೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರರ ಮನೆತನಕ್ಕೂ ಹರಿಹರದ ಲೇತ್ ಕಾರ್ಖಾನೆಯ ಮೂಲಕ ಕನ್ನಡ ನಾಡಿನ ನಂಟು ಹಳೆಯದು. 1997ರಲ್ಲಿ ಟೊಯೋಟಾ ಕಿರ್ಲೋಸ್ಕರ್ ಸ್ಥಾಪನೆಯಾಗಿ 2000ದ ಆರಂಭದಲ್ಲಿ ಕ್ವಾಲಿಸ್ ಬಂತು. ನೋಡಲು ಚೆಂದವಿಲ್ಲದ ಆ ಗಾಡಿ ಬೆಂಗಳೂರಿನ ಕಾಲ್ ಸೆಂಟರುಗಳ ರಾತ್ರಿಪಾಳಿಯ ಜನರನ್ನು ಹೊತ್ತು ತಿರುಗಿತು. ಚೆನ್ನಾಗಿ ಮಾರಾಟವಾಗುತ್ತಿದ್ದಾಗಲೇ ಅದನ್ನು ನಿಲ್ಲಿಸಿ 2005ರಲ್ಲಿ ಇನ್ನೋವಾ ತಂದರು. ಟ್ಯಾಕ್ಸಿ ಚಾಲಕರಿಂದ ಮಂತ್ರಿಗಳವರೆಗೆ ಅದಕ್ಕಿರುವ ಮನ್ನಣೆ ಹೊಸದಾಗಿ ಹೇಳಬೇಕಾದದ್ದಲ್ಲ. ಇನ್ನೊಂದು ಸಂಗತಿ: ಸುಜುಕಿಯೂ 1909ರಲ್ಲಿ ಮಗ್ಗ ಮಾಡುತ್ತ ಶುರುವಾದ ಕಂಪನಿ. ಎರಡು ಮಗ್ಗದ ಮನೆತನಗಳು ಕೈಜೋಡಿಸಿ, 2022ರಿಂದ ಮಾರುತಿ ಸುಜುಕಿಯ ಗ್ರ್ಯಾಂಡ್ ವಿಟಾರಾ ಬಿಡದಿಯ ಲೈನಿನಲ್ಲೇ ತಯಾರಾಗತೊಡಗಿತು.

ಇದೇ ಬಿಡದಿಯಲ್ಲಿ 2006ರಲ್ಲಿ, 2014ರಲ್ಲಿ, ಮತ್ತೆ 2020ರ ನವೆಂಬರಿನಿಂದ ತಿಂಗಳುಗಟ್ಟಲೆ ಮುಷ್ಕರ ಮತ್ತು ಬೀಗಮುದ್ರೆ ನಡೆದವು. ಕೊನೆಯದರಲ್ಲಿ ಕೆಲಸದ ಹೊರೆ ಹೆಚ್ಚಾಗಿದೆ ಎಂದು ಕಾರ್ಮಿಕರೂ, ಶಿಸ್ತು ಮುರಿದಿದ್ದಾರೆ ಎಂದು ಆಡಳಿತದವರೂ ದೂರಿದರು. ಆ ದಿನಗಳ ವರದಿಗಳು ಪತ್ರಿಕೆಗಳಲ್ಲಿ ಬಂದು ಹೋದವು. ಓನೊ ಅವರ ಹಗ್ಗವನ್ನು ಕನ್ನಡದ ಹುಡುಗರು ಎಳೆದಾಗ ಏನಾಯಿತು, ಯಾವ ಮಾತು ಮೇಲಿನವರಿಗೆ ತಲುಪಿತು, ಯಾವುದು ತಲುಪಲಿಲ್ಲ ಎಂಬುದನ್ನು ಕಾಮತಾ ಅವರಂತೆ ಒಳಗಿನಿಂದ ಬರೆದ ಪುಸ್ತಕ ನಮಗೆ ಬೇಕು. ಕ್ವಾಲಿಸ್‌ನ ಮೊದಲ ಲೈನಿನಲ್ಲಿ ನಿಂತವರು ಈಗ ನಡುವಯಸ್ಸು ದಾಟುತ್ತಿದ್ದಾರೆ. ನೆನಪು ಇನ್ನೂ ಹಸಿಯಾಗಿರುವಾಗಲೇ ಅವರು ಬರೆಯಲಿ. ಬರೆಯಲು ಬಾರದವರಿದ್ದರೆ ರಾಮನಗರದ ಕಡೆಯ ಕಾಲೇಜುಗಳ ಅಧ್ಯಾಪಕರು, ಪತ್ರಕರ್ತರು ಅವರ ಬಳಿ ಕೂತು ಕೇಳಿ ಬರೆದುಕೊಳ್ಳಲಿ.