ಜಾವಾ ಕಲಿಯುವವರಿಗೆ: ‘ಕುಂದೂರು’ ಪದದಲ್ಲಿ ಅಕ್ಷರಗಳೆಷ್ಟು?

ಜಾವಾ ಭಾಷೆಯಲ್ಲಿ ಮೊದಲ ಬಾರಿಗೆ ಪ್ರೋಗ್ರಾಂ ಬರೆಯುವ ವಿದ್ಯಾರ್ಥಿಗೆ ಎರಡು ಬಗೆಯ ತಪ್ಪುಗಳು ಎದುರಾಗುತ್ತವೆ. ಕಂಪೈಲರ್ ತಾನೇ ಬೊಟ್ಟುಮಾಡಿ ತೋರಿಸುವಂಥದು ಒಂದು. ಕಂಪೈಲರ್ ಒಪ್ಪಿಕೊಂಡರೂ ತಪ್ಪು ಉತ್ತರ ಬರುವಂಥದು ಇನ್ನೊಂದು. ಹೆಚ್ಚು ಕಾಡುವುದು ಎರಡನೆಯದೇ.

ಮೊದಲನೆಯದಕ್ಕೆ ಪರಿಹಾರ ಸುಲಭ. ಸಾಲಿನ ಕೊನೆಯ ಸೆಮಿಕೋಲನ್ ಬಿಟ್ಟಿರುವುದು, ‘ಸ್ಟ್ರಿಂಗ್’ ಎಂಬುದರ ಮೊದಲಕ್ಷರವನ್ನು ಇಂಗ್ಲಿಷಿನ ಸಣ್ಣಕ್ಷರದಲ್ಲಿ ಬರೆದಿರುವುದು, ತೆರೆದ ಪುಷ್ಪಾವರಣವನ್ನು ಮುಚ್ಚದಿರುವುದು ಇವೇ ಸಾಮಾನ್ಯ. ಆವರಣ ಮುಚ್ಚದಿದ್ದರೆ ದೋಷವಿರುವ ಸ್ಥಳವನ್ನು ಬಿಟ್ಟು ಕಡತದ ಕೊನೆಯ ಸಾಲನ್ನು ಕಂಪೈಲರ್ ತೋರಿಸುವುದುಂಟು. ಹತ್ತಾರು ದೋಷಗಳು ಒಟ್ಟಿಗೆ ಕಂಡರೂ ಗಾಬರಿ ಬೇಡ. ಮೊದಲನೆಯದನ್ನು ತಿದ್ದಿ ಮತ್ತೆ ಕಂಪೈಲ್ ಮಾಡಿದರೆ ಉಳಿದವುಗಳಲ್ಲಿ ಹಲವು ತಾವಾಗಿಯೇ ಮಾಯವಾಗುತ್ತವೆ.

‘ಇಫ್’ ಷರತ್ತಿನ ಆವರಣದ ಬೆನ್ನಿಗೇ ಸೆಮಿಕೋಲನ್ ಹಾಕಿದರೆ ಮಾತ್ರ ಕಂಪೈಲರ್ ತಕರಾರು ಮಾಡದು. ಷರತ್ತು ಸುಳ್ಳಾದರೂ ಮುಂದಿನ ಆಜ್ಞೆಗಳು ನಡೆದೇ ತೀರುತ್ತವೆ.

ಸ್ಟ್ರಿಂಗ್‌ಗಳಲ್ಲಿ ಇಂಥ ಮೌನದೋಷಗಳು ಹೆಚ್ಚು. ಎರಡು ಸ್ಟ್ರಿಂಗ್‌ಗಳನ್ನು == ಚಿಹ್ನೆಯಿಂದ ಹೋಲಿಸಿದಾಗ ಜಾವಾ ನೋಡುವುದು ಎರಡೂ ಒಂದೇ ವಸ್ತುವೇ ಎಂಬುದನ್ನು; ಒಳಗಿನ ಅಕ್ಷರಗಳನ್ನಲ್ಲ. ಪ್ರೋಗ್ರಾಂನಲ್ಲೇ ಬರೆದಿಟ್ಟ ಪದಗಳಿಗೆ ಉತ್ತರ ಸರಿಬರುವುದರಿಂದ ವಿದ್ಯಾರ್ಥಿ ಮೋಸಹೋಗುತ್ತಾನೆ. ಕೀಲಿಮಣೆಯಿಂದ ಓದಿಕೊಂಡ ಹೆಸರು ಪಟ್ಟಿಯಲ್ಲಿದ್ದರೂ ‘ಇಲ್ಲ’ ಎಂಬ ಉತ್ತರ ಬರುತ್ತದೆ. ಹೋಲಿಕೆಗೆ ‘ಈಕ್ವಲ್ಸ್’ ವಿಧಾನವನ್ನೇ ಬಳಸಬೇಕು. ‘ಟ್ರಿಮ್’, ‘ರಿಪ್ಲೇಸ್’ ವಿಧಾನಗಳು ಮೂಲ ಸ್ಟ್ರಿಂಗನ್ನು ಬದಲಿಸದೆ ಹೊಸದೊಂದನ್ನು ಕೊಡುತ್ತವೆ. ಅದನ್ನು ಚರದಲ್ಲಿ ಹಿಡಿದಿಡದಿದ್ದರೆ ಮಾಡಿದ ಕೆಲಸ ವ್ಯರ್ಥ.

ಪಠ್ಯಪುಸ್ತಕಗಳು ಸಾಮಾನ್ಯವಾಗಿ ಇಂಗ್ಲಿಷ್ ಪದಗಳಲ್ಲೇ ಉದಾಹರಣೆ ಕೊಡುವುದರಿಂದ ಕನ್ನಡಕ್ಕೆ ಬಂದಾಗಿನ ತೊಡಕು ಕಾಣುವುದಿಲ್ಲ. ಆಲೂರು ತಾಲ್ಲೂಕಿನ ‘ಕುಂದೂರು’ ಹೆಸರನ್ನೇ ತೆಗೆದುಕೊಳ್ಳಿ. ಓದುವವರ ಕಣ್ಣಿಗೆ ಕುಂ, ದೂ, ರು ಎಂಬ ಮೂರೇ ಅಕ್ಷರ. ‘ಲೆಂಗ್ತ್’ ಕೊಡುವ ಉತ್ತರ 7. ಜಾವಾ ಎಣಿಸುವುದು ಯುನಿಕೋಡ್‌ನ 16 ಬಿಟ್ ಘಟಕಗಳನ್ನು. ಕ, ದ, ರ ವ್ಯಂಜನಗಳ ಜೊತೆಗೆ ಮೂರು ಸ್ವರಚಿಹ್ನೆ, ಒಂದು ಅನುಸ್ವಾರ ಸೇರಿ ಏಳಾಗುತ್ತವೆ. ಎಣಿಕೆ ಸೊನ್ನೆಯಿಂದ ಆರಂಭವಾಗುವುದರಿಂದ ಕೊನೆಯ ಸ್ಥಾನ 6. ಏಳನೇ ಸ್ಥಾನವನ್ನು ‘ಕ್ಯಾರ್‌ಅಟ್’ ಮೂಲಕ ಕೇಳಿದರೆ ಪ್ರೋಗ್ರಾಂ ಅರ್ಧಕ್ಕೇ ನಿಲ್ಲುತ್ತದೆ. ಮೊದಲ ಘಟಕವನ್ನಷ್ಟೇ ಕತ್ತರಿಸಿದರೆ ‘ಕುಂ’ ಬದಲು ಬರಿಯ ‘ಕ’ ಸಿಗುತ್ತದೆ. ಪದವನ್ನು ತಿರುಗುಮುರುಗು ಮಾಡಿದರಂತೂ ಆಧಾರವಿಲ್ಲದ ಕೊಂಬು ಮೊದಲಿಗೆ ಬಂದು ಕೂರುತ್ತದೆ.

ಮಾರ್ಚ್ 2023ರಲ್ಲಿ ಬಿಡುಗಡೆಯಾದ 20ನೇ ಆವೃತ್ತಿಯಿಂದೀಚೆಗೆ ‘ಬ್ರೇಕ್‌ಇಟರೇಟರ್’ ಇಂಥ ಪದವನ್ನು ಮೂರಾಗಿಯೇ ವಿಂಗಡಿಸುತ್ತದೆ. ಒತ್ತಕ್ಷರಗಳಿರುವ ಪದಗಳಲ್ಲಿ ಮಾತ್ರ ಫಲಿತಾಂಶವನ್ನು ಪರೀಕ್ಷಿಸಿಯೇ ನಂಬುವುದು ಲೇಸು.

‘ಸಕಲೇಶಪುರ’ದ ‘ಲೇ’ಗೆ ಇನ್ನೊಂದು ಪೇಚು. ಏಕಾರದ ಚಿಹ್ನೆಯನ್ನು ಒಂದೇ ಸಂಕೇತವಾಗಿಯೂ, ಎಕಾರ ಹಾಗೂ ದೀರ್ಘದ ಎರಡು ಸಂಕೇತಗಳಾಗಿಯೂ ದಾಖಲಿಸಬಹುದು. ಪರದೆಯಲ್ಲಿ ಎರಡೂ ಒಂದೇ. ‘ಈಕ್ವಲ್ಸ್’ ಪಾಲಿಗೆ ಬೇರೆ ಬೇರೆ. ಪಡಿತರ ಚೀಟಿದಾರರ ಪಟ್ಟಿಯಂಥದರಲ್ಲಿ ಹೀಗಾದರೆ ಇರುವ ಹೆಸರೂ ಸಿಗದು. ಹೋಲಿಕೆಗೆ ಮುನ್ನ ಎರಡನ್ನೂ ‘ನಾರ್ಮಲೈಜರ್’ ಮೂಲಕ ಎನ್‌ಎಫ್‌ಸಿ ರೂಪಕ್ಕೆ ತರಬೇಕು.

ಕನ್ನಡದ ಬದಲು ಪ್ರಶ್ನಾರ್ಥಕ ಚಿಹ್ನೆಗಳು ಕಂಡರೆ ಎನ್‌ಕೋಡಿಂಗ್ ನೋಡಿ. 2022ರಲ್ಲಿ ಬಂದ 18ನೇ ಆವೃತ್ತಿಯಿಂದ ಯುಟಿಎಫ್-8 ತಾನಾಗಿಯೇ ಅನ್ವಯವಾಗುತ್ತದೆ. ಹಳೆಯದಾದರೆ ಕಂಪೈಲ್ ಮಾಡುವಾಗಲೇ ಸೂಚಿಸಬೇಕು. ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟ್‌ಗಳಲ್ಲಿ ಬೆರಳಚ್ಚಾದ ಕಡತಗಳಿಗೆ ಈ ಉಪಾಯ ಸಾಲದು. ಅವುಗಳೊಳಗಿರುವುದು ಕನ್ನಡದ ಯುನಿಕೋಡ್ ಸಂಕೇತಗಳಲ್ಲವಾದ್ದರಿಂದ ಮೊದಲು ಯುನಿಕೋಡ್‌ಗೆ ಪರಿವರ್ತಿಸಿಕೊಳ್ಳಬೇಕು.